ಪಟ್ಟದರಸಿಯ ಹೆಸರು ಹಾಜರಿ ಪುಸ್ತಕಕ್ಕೆ ಬಂದದ್ದು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹತ್ತು ಕಿಲೋಮೀಟರಿನಷ್ಟು ಹೋದರೆ ಮೊಸಳೆ ಎಂಬ ಊರು ಸಿಗುತ್ತದೆ. ಇಲ್ಲಿ ಹೊಯ್ಸಳರ ಕಾಲದ ಎರಡು ಗುಡಿಗಳು ಅಕ್ಕಪಕ್ಕದಲ್ಲೇ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. 1200ರ ಆಸುಪಾಸಿನಲ್ಲಿ, ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದಾಗ ಕಟ್ಟಿದವು. ಅಳತೆಯಲ್ಲಿ, ಆಕಾರದಲ್ಲಿ ಅವಳಿ ಮಕ್ಕಳ ಹಾಗಿವೆ. ಸುತ್ತಿನ ಯಾವ ಊರಿನ ಸಂತೆಯಲ್ಲಾದರೂ ನಿಂತು ‘ನಾಗೇಶಾ’ ಎಂದೋ ‘ಚನ್ನೇಗೌಡ್ರೇ’ ಎಂದೋ ಕೂಗಿ ನೋಡಿ, ಯಾರಾದರೊಬ್ಬರು ತಿರುಗಿ ನೋಡಿಯೇ ನೋಡುತ್ತಾರೆ. ಬಲ್ಲಾಳ ಎಂದು ಕೂಗಿದರೆ ಯಾರೂ ತಿರುಗುವುದಿಲ್ಲ. ಕರಾವಳಿಯಲ್ಲಿ ಬಲ್ಲಾಳ್ ಎಂಬುದು ಮನೆತನದ ಹೆಸರಾಗಿ ಉಳಿದಿದೆ. ದೊರೆ ಆಳಿದ ಸೀಮೆಯಲ್ಲಿ ಮಾತ್ರ ಮಕ್ಕಳಿಗೆ ಅದನ್ನಿಡುವ ರೂಢಿ ನಿಲ್ಲಲಿಲ್ಲ.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕಡೆ ಹೆಸರು ಬರುತ್ತಿದ್ದುದು ಎರಡೇ ಬಾಗಿಲಿನಿಂದ. ಒಂದು ಮನೆದೇವರು, ಇನ್ನೊಂದು ತೀರಿಕೊಂಡ ಅಜ್ಜ ಅಜ್ಜಿ. ಮೊದಲ ಗಂಡು ರಂಗನಾಥನದಾದರೆ ಎರಡನೆಯದು ತಾತನದು. ಹೆಣ್ಣಾದರೆ ಲಕ್ಕಮ್ಮ, ಚನ್ನಮ್ಮ, ಕೆಂಪಮ್ಮ, ಹೊನ್ನಮ್ಮ. ಊರುಗಳಿಗೂ ಇದೇ ದಾರಿಯಲ್ಲಿ ಹೆಸರು ಬಂದದ್ದುಂಟು. ಹೊಳೆಯ ದಂಡೆಯ ನರಸಿಂಹ ಹೊಳೆನರಸೀಪುರದ ಹೆಸರಿನಲ್ಲೇ ಇದ್ದಾನೆ. ಚನ್ನರಾಯಪಟ್ಟಣದ್ದು ಇನ್ನೂ ಸ್ವಾರಸ್ಯ. ಹಳೆಯ ಮೈಸೂರು ಗೆಜೆಟಿಯರ್ ಹೇಳುವ ಪ್ರಕಾರ ಆ ಊರಿಗೆ ಮೊದಲು ಕೊಳತೂರು ಎನ್ನುತ್ತಿದ್ದರು. 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ಗೆದ್ದು ಮಗನಿಗೆ ಕೊಟ್ಟ. ಆ ಮಗನಿಗೆ ದೇವರ ಹೆಸರನ್ನಿಟ್ಟು ಚನ್ನರಾಯ ಎಂದು ಕರೆದಿದ್ದರು. ದೇವರ ಹೆಸರು ಮಗನಿಗೆ, ಮಗನ ಹೆಸರು ಊರಿಗೆ. ಒಂದು ತಾಲ್ಲೂಕು ಇವತ್ತಿಗೂ ಹುಡುಗನೊಬ್ಬನ ಹೆಸರಿನಲ್ಲಿ ಕಂದಾಯ ಕಟ್ಟುತ್ತಿದೆ.

ಈ ಎರಡು ಬಾಗಿಲು ಯಾವಾಗ ಮುಚ್ಚತೊಡಗಿದವು ಎಂದು ನೋಡಬೇಕಾದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಒಂದೇ ಮನೆತನ ಸಾಕು. ತಂದೆ ದೊಡ್ಡೇಗೌಡ, ತಾಯಿ ದೇವಮ್ಮ. 1933ರಲ್ಲಿ ಹುಟ್ಟಿದ ಮಗ, ಮುಂದೆ ಪ್ರಧಾನಿಯಾದವರು, ದೇವೇಗೌಡ. ಅವರ ಹೆಂಡತಿ ಚನ್ನಮ್ಮ. ಮಕ್ಕಳ ಕಾಲಕ್ಕೆ ರೇವಣ್ಣ, ಕುಮಾರಸ್ವಾಮಿ ಎಂದಾಯಿತು. ದೇವರು ಇನ್ನೂ ಇದ್ದಾನೆ, ಗೌಡ ಹಿಂದೆ ಸರಿದಿದ್ದಾನೆ. ಮೊಮ್ಮಕ್ಕಳ ಸರದಿ ಬಂದಾಗ ನಿಖಿಲ್, ಸೂರಜ್. ಹಾಸನ ಜಿಲ್ಲೆಯ ಸಾವಿರಾರು ಒಕ್ಕಲು ಮನೆಗಳಲ್ಲಿ ಆದದ್ದೂ ಇಷ್ಟೇ, ಅವರು ಪೇಪರಿನಲ್ಲಿ ಬರಲಿಲ್ಲ ಅಷ್ಟೆ.

ದೊಡ್ಡೇಗೌಡರ ಕಾಲಕ್ಕೂ ನಿಖಿಲ್ ಕಾಲಕ್ಕೂ ನಡುವೆ ಕೆಲವು ದಶಕ ನಮ್ಮ ಹೆಣ್ಣುಮಕ್ಕಳಿಗೆ ಒಂದು ಹೆಸರು ಬಹಳ ಹಿಡಿಸಿತ್ತು. ಅದು ಮನೆದೇವರದೂ ಅಲ್ಲ, ಅಜ್ಜಿಯದೂ ಅಲ್ಲ. ಶಾಂತಲಾ. ಎಂಟುನೂರು ವರ್ಷ ಕಲ್ಲಿನ ಮೇಲೆ ಮಲಗಿದ್ದ ಈ ಹೆಸರು ಒಮ್ಮೆಗೇ ಎದ್ದು ಬಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಕೂತದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹೆಸರಿನ ಮೊದಲ ಒಡತಿ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ. ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ಬೇಲೂರಿನಲ್ಲಿ ವಿಜಯನಾರಾಯಣನನ್ನು ನಿಲ್ಲಿಸಿದ 1117ರಲ್ಲೇ ಆಕೆ ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಇವತ್ತು ನಾವು ಕಪ್ಪೆ ಚೆನ್ನಿಗರಾಯ ಎನ್ನುವುದು ಅದನ್ನೇ. ವಿಷ್ಣುವಿಗೆ ಗುಡಿ ಕಟ್ಟಿಸಿದವಳು ತನ್ನ ಜೈನಧರ್ಮವನ್ನೇನೂ ಬಿಡಲಿಲ್ಲ. ಆರು ವರ್ಷ ಕಳೆದು 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನ ಬಸದಿ ಎತ್ತಿಸಿ, ಅದರ ಪೂಜೆಗೆಂದು ಮೊಟ್ಟೆನವಿಲೆ ಎಂಬ ಊರನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆ ಎರೆದು ಕೊಟ್ಟಳು. ಹಳೇಬೀಡಿನ ಜೋಡಿ ಗುಡಿಯಲ್ಲಿ ಹೊಯ್ಸಳೇಶ್ವರನ ಪಕ್ಕದ ಲಿಂಗಕ್ಕೆ ಶಾಂತಲೇಶ್ವರ ಎಂದೇ ಹೆಸರು. ಒಬ್ಬ ಜೈನ ರಾಣಿಯ ಹೆಸರು ಶಿವಲಿಂಗಕ್ಕೆ ಸಲೀಸಾಗಿ ಅಂಟಿಕೊಂಡಿತು, ಅದರ ಬಗ್ಗೆ ಆಗ ಯಾರೂ ತಕರಾರು ತೆಗೆದ ಹಾಗೆ ಕಾಣುವುದಿಲ್ಲ.

ಚಿಕ್ಕಬೆಟ್ಟದ ಆ ಬಸದಿಯನ್ನು ನೋಡಲು ಹೋದವರು ಸ್ವಲ್ಪ ನಿರಾಶರಾಗುತ್ತಾರೆ. ಬೇಲೂರು ಹಳೇಬೀಡಿನ ಕುಸುರಿ ಕೆಲಸ ಅಲ್ಲಿಲ್ಲ. ಬೋಳು ಬೋಳಾದ ಕಗ್ಗಲ್ಲಿನ ಗೋಡೆ, ಒಂದು ಗರ್ಭಗುಡಿ, ಸುಕನಾಸಿ, ನವರಂಗ. ಒಳಗೆ ಕೂತ ಭಂಗಿಯ ಶಾಂತಿನಾಥ, ಎರಡು ಬದಿಗೆ ಚಾಮರ ಹಿಡಿದವರು. ಅಬ್ಬರವೆಲ್ಲ ಹೆಸರಿನಲ್ಲಿದೆ. ಆಕೆಗಿದ್ದ ಬಿರುದುಗಳಲ್ಲಿ ಒಂದು ‘ಉದ್ವೃತ್ತ ಸವತಿ ಗಂಧವಾರಣೆ’, ಅಂದರೆ ಮೆರೆಯುವ ಸವತಿಯರ ಪಾಲಿಗೆ ಮದವೇರಿದ ಆನೆ. ಬಸದಿಗೆ ಇಟ್ಟದ್ದು ಇದೇ ಬಿರುದನ್ನು. ಹಾಗಾಗಿ ಶಾಂತಿನಾಥ ತೀರ್ಥಂಕರನ ಮನೆಗೆ ಸವತಿಗಂಧವಾರಣ ಬಸದಿ ಎಂಬ ವಿಳಾಸ. ಅರಮನೆಯ ಒಳಜಗಳವೊಂದು ಬೆಟ್ಟ ಹತ್ತಿ ಕೂತಿದೆ. ಶಾಸನದಲ್ಲಿ ವಿವೇಕೈಕ ಬೃಹಸ್ಪತಿ, ಪ್ರತ್ಯುತ್ಪನ್ನ ವಾಚಸ್ಪತಿ, ಸಮ್ಯಕ್ತ್ವ ಚೂಡಾಮಣಿ ಎಂಬ ಇತರ ಬಿರುದುಗಳೂ ಸಿಗುತ್ತವೆ. ಹಾಡು, ವಾದ್ಯ, ಕುಣಿತ ಬಲ್ಲವಳೆಂಬ ಹೊಗಳಿಕೆಯೂ ಉಂಟು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತನೆಯ ಶತಮಾನ ಅವಳನ್ನು ಹುಡುಕಿಕೊಂಡು ಬಂದದ್ದು ಆ ಕುಣಿತದ ಜಾಡು ಹಿಡಿದೇ.

1131ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ತಿಳಿದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಅನ್ನ ನೀರು ಬಿಟ್ಟು ಸಲ್ಲೇಖನದಿಂದ ಪ್ರಾಣ ತೊರೆದಳು. ಮಗಳ ಸಾವನ್ನು ನಮಗೆ ತಿಳಿಸಿರುವುದು ಆ ತಾಯಿಯ ನೆನಪಿನ ಶಾಸನ. ಶಿವಗಂಗೆಯ ತುದಿಯಲ್ಲಿ ‘ಶಾಂತಲಾ ಡ್ರಾಪ್’ ಎಂದು ತೋರಿಸಿ, ಇಲ್ಲಿಂದಲೇ ಹಾರಿದ್ದು ಎನ್ನುತ್ತಾರಲ್ಲ, ಆ ಹಾರಿದ ಕಥೆ ಶಾಸನದಲ್ಲಿಲ್ಲ.

ಇನ್ನು ಹೆಸರಿನ ಮಾತು. ಆಗ ಆ ಹೆಸರು ವಿಶೇಷದ್ದೇನೂ ಆಗಿರಲಿಲ್ಲ. ಹೊಯ್ಸಳರ ಕಾಲದ ಹೆಣ್ಣುಗಳ ಹೆಸರು ಬಹುಪಾಲು ಎರಡು ಅಚ್ಚಿನಲ್ಲಿ ಬರುತ್ತಿದ್ದವು. ಒಂದು ‘ಅಬ್ಬೆ’ ಅಚ್ಚು: ಮಾಚಿಕಬ್ಬೆ, ಜಕ್ಕಣಬ್ಬೆ, ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಇನ್ನೊಂದು ‘ಅಲೆ’ ಅಚ್ಚು: ಏಚಲೆ, ಬಮ್ಮಲೆ, ಪದ್ಮಲೆ, ಚಾವಲೆ, ರಾಜಲೆ, ಕೇತಲೆ, ಶಾಂತಲೆ. ಒಂದನೆಯ ಬಲ್ಲಾಳ ಮದುವೆಯಾದದ್ದು ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ ಎಂಬ ಮೂವರು ಅಕ್ಕತಂಗಿಯರನ್ನು. ಹಳೇಬೀಡಿನ ಕೇದಾರೇಶ್ವರ ಗುಡಿಯನ್ನು 1219ರಲ್ಲಿ ಇಮ್ಮಡಿ ಬಲ್ಲಾಳನ ಜೊತೆ ನಿಂತು ಕಟ್ಟಿಸಿದವಳು ಕೇತಲದೇವಿ. ಶಾಸನಗಳಲ್ಲಿ ನಮ್ಮ ರಾಣಿಯೇ ಒಂದು ಕಡೆ ಶಾಂತಲದೇವಿ, ಇನ್ನೊಂದು ಕಡೆ ಸಾಂತಲದೇವಿ. ಕಲ್ಲುಕುಟಿಗನ ಬಾಯಲ್ಲಿ ಶ ಕಾರ ಸ ಕಾರದ ಕಟ್ಟುಪಾಡು ಆಗಲೂ ಅಷ್ಟಕ್ಕಷ್ಟೆ.

ಹೊಯ್ಸಳರು ಹೋದರು, ವಿಜಯನಗರ ಬಂತು, ಪಾಳೆಯಗಾರರು ಬಂದರು, ಮೈಸೂರು ಒಡೆಯರು ಬಂದರು. ಅಬ್ಬೆಯೂ ಅಲೆಯೂ ಹಿಂದೆ ಸರಿದು ಅಮ್ಮನ ರಾಜ್ಯ ಶುರುವಾಯಿತು. ಶಿಲ್ಪಿಗಳ ಹೆಸರಿಗೂ ಇದೇ ಗತಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ, 1246ರಲ್ಲಿ, ತಾವು ಕಡೆದ ವಿಗ್ರಹಗಳ ಬುಡದಲ್ಲಿ ಬೈಚೋಜ, ಮಲ್ಲಿತಮ್ಮ ಎಂದು ರುಜು ಹಾಕಿದವರಿದ್ದಾರೆ. ಮಲ್ಲಿತಮ್ಮನಂತೂ ಅವತ್ತಿನ ಕಾಲಕ್ಕೆ ದೊಡ್ಡ ಹೆಸರು, ಸೋಮನಾಥಪುರದವರೆಗೂ ಅವನ ಉಳಿ ಓಡಾಡಿದೆ. ಆದರೆ ಜನರ ಬಾಯಲ್ಲಿ ನಿಂತವನು ಯಾವ ಶಾಸನಕ್ಕೂ ಸಿಗದ ಜಕಣಾಚಾರಿ. 1964ರಲ್ಲಿ ಬಿ.ಎಸ್. ರಂಗಾ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವನ್ನು ತೆಗೆದದ್ದೂ ಈ ಜಕಣಾಚಾರಿಯ ಮೇಲೆಯೇ. ಕಲ್ಲಿನಲ್ಲಿ ರುಜು ಹಾಕಿದವನಿಗಿಂತ ಕಥೆಯಲ್ಲಿ ಬದುಕಿದವನಿಗೆ ಆಯುಸ್ಸು ಹೆಚ್ಚು, ಏನು ಮಾಡುವುದು.

ಶಾಂತಲೆಗೆ ಜಕಣಾಚಾರಿಯ ಭಾಗ್ಯ ಇರಲಿಲ್ಲ. ಲಾವಣಿಯಲ್ಲಾಗಲಿ ಸೋಬಾನೆಯಲ್ಲಾಗಲಿ ಅವಳನ್ನು ಕೊಂಡಾಡಿದ್ದನ್ನು ನಾನು ಕೇಳಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಶಾಂತಲೆಯನ್ನು ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಕಂಡದ್ದೂ ಇಲ್ಲ. ಅವಳನ್ನು ಎಬ್ಬಿಸಿದ್ದು ಸರ್ಕಾರದ ಪುರಾತತ್ವ ಇಲಾಖೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಅಚ್ಚು ಹಾಕಿಸಿದ. ಹಾಸನ ಜಿಲ್ಲೆಯ ಉಳಿದ ಶಾಸನಗಳು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಬಂದವು. ರೈಸ್ ನಂತರ ಇಲಾಖೆ ವಹಿಸಿಕೊಂಡ ಆರ್. ನರಸಿಂಹಾಚಾರ್ಯರು ಬೆಳಗೊಳದ ಸಂಪುಟವನ್ನು ಮತ್ತೆ ತಿದ್ದಿ ಹಿಗ್ಗಿಸಿದರು, ಅದು 1923ರಲ್ಲಿ ಹೊರಬಂತು. ಈ ದಪ್ಪ ಪುಸ್ತಕಗಳನ್ನು ಓದಿದವರು ಬೆರಳೆಣಿಕೆಯ ಮಂದಿ. ಆದರೆ ಅವರಲ್ಲಿ ಪಠ್ಯಪುಸ್ತಕ ಬರೆಯುವವರಿದ್ದರು, ನಾಟಕ ಬರೆಯುವವರಿದ್ದರು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದ ಮೇಲಂತೂ ಹಳೆಯ ರಾಜರಾಣಿಯರನ್ನು ಹುಡುಕಿ ಹೆಮ್ಮೆಪಡುವುದು ನಾಡು ಕಟ್ಟುವ ಕೆಲಸದ್ದೇ ಒಂದು ಭಾಗವಾಯಿತು.

ಕಲ್ಲಿನ ಶಾಂತಲೆಯನ್ನು ಮನೆಮನೆಯ ಶಾಂತಲೆ ಮಾಡಿದವರು ಕೆ.ವಿ. ಅಯ್ಯರ್. ಇವರು ಸಾಹಿತಿಗಿಂತ ಮೊದಲು ಜಟ್ಟಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ಮೈಕಟ್ಟಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು, ಕೈಲಾಸಂ ಅವರ ಒಡನಾಡಿ, ನಾಟಕದ ಗೀಳಿನವರು. ಕಬ್ಬಿಣ ಎತ್ತುವ ಕೈ ‘ರೂಪದರ್ಶಿ’ ಬರೆಯಿತು, ‘ಶಾಂತಲಾ’ ಬರೆಯಿತು. ಕಳೆದ ಶತಮಾನದ ನಡುಭಾಗದಲ್ಲಿ ಬಂದ ಈ ಕಾದಂಬರಿಯ ಹೊತ್ತಿಗೆ ಕನ್ನಡದ ಹೆಂಗಸರು ಕಾದಂಬರಿ ಓದಲು ಕಲಿತಿದ್ದರು. ಅರಕಲಗೂಡನ್ನು ಹೆಸರಿನ ಮುಂದೆ ಹೊತ್ತುಕೊಂಡಿದ್ದ ಅ.ನ.ಕೃ. ಆ ಓದುಗರನ್ನು ಬೆಳೆಸಿದವರಲ್ಲಿ ಮುಖ್ಯರು. ಲೈಬ್ರರಿಯಿಂದ ತಂದ ಪುಸ್ತಕ ಅಡುಗೆಮನೆಯಲ್ಲಿ ಕೈಬದಲಾಗುತ್ತಿದ್ದ ದಿನಗಳವು. ಪುಸ್ತಕ ವಾಪಸ್ಸು ಹೋಗುತ್ತಿತ್ತು, ನಾಯಕಿಯ ಹೆಸರು ಮನೆಯಲ್ಲೇ ಉಳಿಯುತ್ತಿತ್ತು.

ಅಲ್ಲಿಂದ ಹಳ್ಳಿಗೆ ಹೆಸರು ದಾಟಿಸಿದವರು ಪ್ರೈಮರಿ ಶಾಲೆಯ ಮೇಷ್ಟ್ರು. ಹಳೆಯ ತಲೆಮಾರಿನವರನ್ನು ಕೇಳಿದರೆ ಈ ಪ್ರಸಂಗವನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಜೂನ್ ತಿಂಗಳು, ಮಗಳ ಕೈ ಹಿಡಿದು ಅಪ್ಪ ಶಾಲೆಯ ಜಗಲಿಯ ಕೆಳಗೆ ನಿಂತಿದ್ದಾನೆ.

‘ಹುಡುಗಿ ಹೆಸರೇನ್ರಪ್ಪ?’

‘ಮನೇಲಿ ಪುಟ್ಟಿ ಅಂತೀವಿ ಸಾ. ಅವ್ರಜ್ಜಿ ಹೆಸ್ರು ಲಕ್ಕಮ್ಮ.’

‘ಲಕ್ಕಮ್ಮ ಅಂತ ಈಗಾಗ್ಲೇ ಇಬ್ರವ್ರೆ ಗೌಡ್ರೇ. ಒಳ್ಳೇದೊಂದು ಬರ್ಕೊಳ್ಲಾ?’

‘ನೀವ್ ಓದ್ದೋರು, ನಿಮಗ್ ತಿಳ್ದಂಗೆ ಬರ್ಕಳಿ ಸಾ.’

ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಹುಟ್ಟಿದ ತಾರೀಕೂ ಅವರದೇ, ಹೆಸರೂ ಅವರದೇ. ಬೇಲೂರು ಹಳೇಬೀಡಿಗೆ ಮಕ್ಕಳನ್ನು ಟೂರ್ ಕರೆದುಕೊಂಡು ಹೋಗುತ್ತಿದ್ದವರೂ ಇದೇ ಮೇಷ್ಟ್ರು. ಅಲ್ಲಿ ಗೈಡು ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ತೋರಿಸಿ, ಇವಳೇ ನೋಡಿ ಶಾಂತಲೆ, ರಾಣಿಯೇ ಕುಣಿದು ತೋರಿಸಿದಳು, ಶಿಲ್ಪಿ ಕೆತ್ತಿದ ಎಂದು ಹೇಳುತ್ತಾನೆ. ಅದಕ್ಕೆ ಆಧಾರ ಇಲ್ಲ, ಕೇಳಲು ಚೆನ್ನಾಗಿದೆ. ಇಂಥ ಕಥೆಯನ್ನು ಕೇಳಿ ಬಂದ ಮೇಷ್ಟ್ರು ಲಕ್ಕಮ್ಮನನ್ನು ಶಾಂತಲಾ ಮಾಡಿದರೆ ಅವರನ್ನು ದೂರುವಂತಿಲ್ಲ.

1978ರಲ್ಲಿ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಬಂತು. ಎತ್ತಿ ಹಿಡಿಯುವುದೇ ಕಷ್ಟ ಎನ್ನುವಷ್ಟು ದೊಡ್ಡ ಕಾದಂಬರಿ. ಶಾಸನಗಳನ್ನು ಎದುರಿಗಿಟ್ಟುಕೊಂಡು, ಬೆಟ್ಟದಿಂದ ಹಾರಿದ ಅಳುಬುರುಕ ರಾಣಿಯ ಬದಲು ರಾಜ್ಯಭಾರದಲ್ಲಿ ಪಾಲಿದ್ದ ಹೆಣ್ಣನ್ನು ಚಿತ್ರಿಸಬೇಕೆಂಬ ಹಟದಿಂದ ಬರೆದದ್ದು. ಭಾರತೀಯ ಜ್ಞಾನಪೀಠ ಮೂರ್ತಿದೇವಿ ಪ್ರಶಸ್ತಿಯನ್ನು ಶುರುಮಾಡಿದಾಗ, 1983ರಲ್ಲಿ, ಮೊದಲ ಪ್ರಶಸ್ತಿ ಸಂದದ್ದು ಈ ಕೃತಿಗೆ. ಅಷ್ಟರಲ್ಲಿ ಹೆಸರು ಕಾದಂಬರಿಯ ಹೊಸ್ತಿಲು ದಾಟಿ ಎಲ್ಲೆಡೆ ಓಡಾಡತೊಡಗಿತ್ತು. ಮೈಸೂರಿನಲ್ಲಿ ಶಾಂತಲಾ ಟಾಕೀಸು ಇತ್ತು, ಬೆಂಗಳೂರಿನಲ್ಲಿ ಶಾಂತಲಾ ನಗರ, ಹಳೇಬೀಡಿನಲ್ಲಿ ಪ್ರವಾಸೋದ್ಯಮ ನಿಗಮದ ಹೋಟೆಲು ಮಯೂರ ಶಾಂತಲಾ. ನೃತ್ಯಗಾರರಿಗೆ ರಾಜ್ಯ ಸರ್ಕಾರ ಕೊಡುವ ದೊಡ್ಡ ಪ್ರಶಸ್ತಿ ಶಾಂತಲಾ ನಾಟ್ಯಶ್ರೀ.

ಇಷ್ಟೆಲ್ಲ ಆದದ್ದು ಶಾಂತಲೆಗೇ ಏಕೆ? ಬಮ್ಮಲೆಗೆ, ಕೇತಲೆಗೆ ಏಕೆ ಆಗಲಿಲ್ಲ? ನನಗೆ ತೋರುವುದು ಹೀಗೆ. ಶಾಂತಾ ಎಂಬ ಹೆಸರು ಆಗಲೇ ಮನೆಗಳಲ್ಲಿತ್ತು, ಅದರ ತುದಿಗೆ ಒಂದು ಹೊಸ ಅಕ್ಷರ ಸೇರಿಕೊಂಡಿತು. ಕಿವಿಗೆ ಹಳೆಯ ಗುರುತೂ ಸಿಕ್ಕಿತು, ಹೊಸತನವೂ ದಕ್ಕಿತು. ಕೇತಲೆಗೆ ಇಂಥ ನೆಂಟರಿಲ್ಲ. ಬರೀ ದೊಡ್ಡತನದಿಂದ ಹೆಸರು ನಡೆಯುವುದಿಲ್ಲ ಎಂಬುದಕ್ಕೆ ಅತ್ತಿಮಬ್ಬೆಯನ್ನೇ ನೋಡಿ. ಲಕ್ಕುಂಡಿಯ ಆ ದಾನಚಿಂತಾಮಣಿಯ ಹೆಸರಿನಲ್ಲಿ ಸರ್ಕಾರ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ, ತಗೊಂಡವರು ಮನೆಗೆ ಹೋಗಿ ಮೊಮ್ಮಗಳಿಗೆ ಅತ್ತಿಮಬ್ಬೆ ಎಂದು ಇಡುವುದಿಲ್ಲ. ‘ಅಬ್ಬೆ’ ಕೇಳಿದ ಕೂಡಲೇ ಈಗಿನವರಿಗೆ ಮುದುಕಿಯೊಬ್ಬಳು ಕಣ್ಣಿಗೆ ಕಟ್ಟುತ್ತಾಳೆ. ಇನ್ನೊಂದು ಕಾರಣವೂ ಉಂಟು, ಅದೇ ದೊಡ್ಡದೆಂದು ನನ್ನ ಎಣಿಕೆ. ಅಪ್ಪ ಶೈವ, ಅಮ್ಮ ಜೈನೆ, ಗಂಡ ವೈಷ್ಣವ. ಲಕ್ಷ್ಮೀನರಸಮ್ಮ ಎಂದರೆ ಇಂಥ ಮನೆಯವಳು, ಬಸಮ್ಮಣ್ಣಿ ಎಂದರೆ ಇಂಥ ಮನೆಯವಳು ಎಂದು ಹಳ್ಳಿ ಥಟ್ಟನೆ ಹೇಳುತ್ತಿತ್ತು. ಶಾಂತಲಾ ಎಂದರೆ ಹೇಳಲಾಗುತ್ತಿರಲಿಲ್ಲ. ಜಾತಿ ಬಿಟ್ಟುಕೊಡದ ಹೆಸರು ಬೇಕು ಎಂದು ಓದಿದ ಜನ ಬಯಸುತ್ತಿದ್ದ ಕಾಲಕ್ಕೆ ಅದು ಒದಗಿ ಬಂತು.

ಗಂಡನ ಹೆಸರಿನ ಕಥೆ ಬೇರೆಯೇ. ಶಾಸನಗಳಲ್ಲಿ ಅವನು ಬಿಟ್ಟಿದೇವ, ಬಿಟ್ಟಿಗ. ರಾಮಾನುಜಾಚಾರ್ಯರಿಂದ ಮತ ಬದಲಿಸಿ ವಿಷ್ಣುವರ್ಧನನಾದ ಎಂಬುದು ಪ್ರಸಿದ್ಧ ಕಥೆ. ಆದರೆ ಬಿಟ್ಟಿ ಎಂಬುದೂ ವಿಷ್ಣುವಿನ ತದ್ಭವವೇ ಎನ್ನುತ್ತಾರೆ ಬಲ್ಲವರು. ಹಾಗಾದರೆ ಬದಲಾದದ್ದು ಹೆಸರಿನ ಉಡುಪು ಮಾತ್ರ. ಈಗ ಬಿಟ್ಟಿ ಎಂದರೆ ಪುಕ್ಕಟೆ, ಆ ಹೆಸರಿಟ್ಟು ಮಗನನ್ನು ಶಾಲೆಗೆ ಕಳಿಸಿದರೆ ಅವನು ಸಂಜೆಯೊಳಗೆ ಅಳುತ್ತಾ ಬರುತ್ತಾನೆ. ವಿಷ್ಣುವರ್ಧನ ಎಂಬುದಕ್ಕೆ ಮರುಜನ್ಮ ಸಿನಿಮಾದಿಂದ ಬಂತು. ಸಂಪತ್ ಕುಮಾರ್ ಎಂಬ ಯುವಕ ‘ವಂಶವೃಕ್ಷ’ ಚಿತ್ರದಲ್ಲಿ ಸಣ್ಣ ಪಾತ್ರವೊಂದನ್ನು ಮಾಡಿದ್ದ. ಅದರ ಮೂಲ ಕಾದಂಬರಿ ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಭೈರಪ್ಪನವರದು. 1972ರಲ್ಲಿ ‘ನಾಗರಹಾವು’ ತೆಗೆಯುವಾಗ ಪುಟ್ಟಣ್ಣ ಕಣಗಾಲ್ ಆ ಯುವಕನಿಗೆ ವಿಷ್ಣುವರ್ಧನ್ ಎಂದು ಹೆಸರಿಟ್ಟರು. ಮುಂದಿನ ವರ್ಷವೇ, 1973ರ ನವೆಂಬರ್ 1ಕ್ಕೆ, ಮೈಸೂರು ರಾಜ್ಯ ಕರ್ನಾಟಕವಾಯಿತು. ರಾಜ್ಯಕ್ಕೂ ನಾಯಕನಟನಿಗೂ ಹಳೆಯ ವೈಭವದ ಹೆಸರು ಬೇಕಿದ್ದ ಕಾಲ. ಆಮೇಲೆ ವಿಷ್ಣು ಎಂದು ಹೆಸರಿಟ್ಟ ಅಪ್ಪಂದಿರು ಯೋಚಿಸಿದ್ದು ‘ನಾಗರಹಾವು’ ಚಿತ್ರದ ರಾಮಾಚಾರಿಯನ್ನು, ತಲಕಾಡುಗೊಂಡ ಎಂಬ ಬಿರುದಿನ ದೊರೆಯನ್ನಲ್ಲ. ಇನ್ನೊಂದು ತಮಾಷೆ: ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್ 18ರಂದು, ಅದು ನಟನ ಹುಟ್ಟುಹಬ್ಬದ ದಿನ. ಮೊಸಳೆಯ ಜೋಡಿ ಗುಡಿ ಆ ಪಟ್ಟಿಯಲ್ಲಿಲ್ಲ.

ಶಾಂತಲಾ ಎಂಬವರಿಗೆ ಈಗ ಸಾಮಾನ್ಯವಾಗಿ ನಡುವಯಸ್ಸು. ಬ್ಯಾಂಕಿನ ಕೌಂಟರಿನಲ್ಲಿ, ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಸಿಗುತ್ತಾರೆ. ಅವರ ಮಕ್ಕಳು ಅನುಷಾ, ಸ್ಪಂದನಾ. ಈಗ ತೊಟ್ಟಿಲಲ್ಲಿರುವವರು ಆದ್ಯಾ, ಸಾನ್ವಿ, ಚಾರ್ವಿ. ಎರಡೇ ಅಕ್ಷರ, ಇಂಗ್ಲಿಷಿನಲ್ಲಿ ಬರೆದರೆ ಚಿಕ್ಕದಾಗಬೇಕು, ವಿದೇಶದಲ್ಲಿ ನಾಲಗೆ ತೊಡರಬಾರದು ಎಂಬ ಲೆಕ್ಕ. ಹುಡುಕುವುದು ಮೊಬೈಲಿನಲ್ಲಿ, ಸಿಗುವುದು ದೆಹಲಿಯವರಿಗೂ ಪುಣೆಯವರಿಗೂ ಸಿಗುವ ಅದೇ ಪಟ್ಟಿ. ಹೋಗಲಿ ಬಿಡಿ, ಅವರವರ ಮಕ್ಕಳು, ಅವರವರ ಇಷ್ಟ. ಆದರೂ ಮನೆಯಲ್ಲಿ ನಾಮಕರಣವಿದ್ದರೆ ಒಂದು ಮಾತು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಸಂಪುಟ ಇದ್ದೇ ಇದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿದರೆ ಕೊಡುತ್ತಾರೆ. ಮೊಬೈಲ್ ತೆಗೆಯುವ ಮೊದಲು ಅರ್ಧ ಗಂಟೆ ಅದನ್ನು ತಿರುವಿ ಹಾಕಿ. ಪದ್ಮಲಾ, ರಾಜಲಾ, ಚಾವಲಾ ಅಲ್ಲೇ ಇದ್ದಾರೆ, ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.